ಅಜ್ಜನ ಗೂಡ್ಸ್ ಎಂಜಿನ್ ಹುಡುಕಿಕೊಂಡು ಸಯಾಮಿಗೆ

ಹೊರಡುವ ಮೊದಲು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ನಮ್ಮ ಬಂಧುಬಳಗವೆಲ್ಲ ಈ ನಾಲ್ಕು ಊರುಗಳ ಸುತ್ತಮುತ್ತಲೇ ಹರಡಿಕೊಂಡಿದೆ. ನಾಲ್ಕರಲ್ಲಿ ಒಂದು ಊರಿಗೂ ಇನ್ನೂ ರೈಲು ಬಂದಿಲ್ಲ. ಆದರೂ ನಮ್ಮ ಮನೆಯ ಸಂಕಟವೆಲ್ಲ ರೈಲಿನಿಂದಲೇ ಬಂದದ್ದು.

ನನ್ನ ತಾಯಿಯ ತಂದೆ ಕರಿಬಸಪ್ಪ ಹೊನ್ನಾಳಿಯವರು. ಹರಿಹರದಲ್ಲಿ ಗೂಡ್ಸ್ ಗಾಡಿಯ ಉಗಿ ಎಂಜಿನ್ನಿನ ಮೇಲೆ ಕೆಲಸ, ಒಲೆಗೆ ಕಲ್ಲಿದ್ದಲು ಎತ್ತಿ ಹಾಕುವ ಫೈರ್‌ಮನ್. ಎರಡನೇ ಮಹಾಯುದ್ಧದ ಹೊತ್ತಿಗೆ ನಮ್ಮ ಕಡೆಯ ಕೆಲವು ಎಂಜಿನ್ನುಗಳನ್ನು ಹಡಗಿಗೆ ಹತ್ತಿಸಿ ಬರ್ಮಾಕ್ಕೆ ಕಳಿಸಿದರಂತೆ. ಎಂಜಿನ್ನಿನ ಜೊತೆ ಮನುಷ್ಯರನ್ನೂ ಕಳಿಸಿದರು. ಅಜ್ಜ ಹೋದಾಗ ನನ್ನ ಅವ್ವ ಇನ್ನೂ ತೊದಲು ಮಾತಾಡುತ್ತಿದ್ದಳು. ಅವ್ವನ ತಂಗಿ ಹಾಲಮ್ಮ ಹೊಟ್ಟೆಯಲ್ಲಿದ್ದಳು. ಅಜ್ಜ ಮತ್ತೆ ಬರಲಿಲ್ಲ.

ಯುದ್ಧ ಮುಗಿದ ಮೇಲೆ ಜಗಳೂರಿನ ಸಿದ್ದಪ್ಪ ಎಂಬವನು ಹೊನ್ನಾಳಿಗೆ ಬಂದಿದ್ದನಂತೆ. ಅಜ್ಜನ ಜೊತೆ ಬರ್ಮಾಕ್ಕೆ ಹೋಗಿ ಬದುಕಿ ಬಂದವನು ಅವನೊಬ್ಬನೇ. ಜಪಾನಿನವರು ಎಂಜಿನ್ನುಗಳನ್ನೂ ಅವುಗಳ ಮೇಲಿದ್ದವರನ್ನೂ ಹಿಡಿದು ಸಯಾಮಿನ ಗುಡ್ಡಗಳಲ್ಲಿ ಹಾಕುತ್ತಿದ್ದ ಹೊಸ ರೈಲುದಾರಿಗೆ ಒಯ್ದರು, ಅಲ್ಲಿ ಜನ ಜ್ವರ ವಾಂತಿಭೇದಿಯಿಂದ ರಾಶಿರಾಶಿ ಸತ್ತರು, ಕರಿಬಸಪ್ಪನನ್ನು ತಾನು ಕೊನೆಗೆ ಕಂಡದ್ದು ಒಂದು ಹೊಳೆಯ ದಂಡೆಯಲ್ಲಿ, ಅದೇ ಎಂಜಿನ್ನಿನ ಮೇಲೆ, ಒಲೆಗೆ ಸೌದೆ ತುಂಬುತ್ತಿದ್ದ, ಎಂದು ಹೇಳಿದ. ಎಂಜಿನ್ನಿನ ಪಕ್ಕದಲ್ಲಿದ್ದ ನಮ್ಮ ರೈಲು ಕಂಪನಿಯ ಅಕ್ಷರಗಳನ್ನು ಜಪಾನಿಗಳು ಕೆರೆದಿದ್ದರೂ ಗುರುತು ಹೋಗಿರಲಿಲ್ಲ ಎಂದೂ ಹೇಳಿದನಂತೆ. ಸತ್ತ ಎಂದು ಮಾತ್ರ ಅವನ ಬಾಯಿಂದ ಬರಲಿಲ್ಲ. ಅವನು ನೋಡಿರಲಿಲ್ಲ.

ಹಾಗಾಗಿ ಅಜ್ಜಿ ಸಾಯುವ ತನಕ ಕುಂಕುಮ ಅಳಿಸಲಿಲ್ಲ. ಪ್ರತಿ ವರ್ಷ ಹಿರಿಯರ ಹಬ್ಬದಲ್ಲಿ ತೀರಿಕೊಂಡವರಿಗೆಲ್ಲ ಎಡೆ ಇಡುವಾಗ ಅಜ್ಜನಿಗೆ ಮಾತ್ರ ಇಡುತ್ತಿರಲಿಲ್ಲ. "ಎಲ್ಲಿ ಮಣ್ಣಾದ್ರು ಅಂತ ತಿಳೀದೆ ಎಡೆ ಇಡಬ್ಯಾಡ್ರಿ" ಎಂದು ಹೆಣ್ಣುಮಕ್ಕಳಿಬ್ಬರಿಗೂ ಹೇಳಿ ಹೋದಳು. ಈಗ ನನ್ನ ಅವ್ವನೂ ಇಲ್ಲ. ಉಳಿದಿರುವವಳು ಹಾಲಮ್ಮ ಚಿಕ್ಕವ್ವ ಒಬ್ಬಳೇ, ನ್ಯಾಮತಿಯಲ್ಲಿ, ಮೊಮ್ಮಕ್ಕಳು ಮರಿಮಕ್ಕಳ ನಡುವೆ. ಎಂಬತ್ತು ದಾಟಿದೆ. ಮನೆಗೆ ಬಂದವರಿಗೆಲ್ಲ ಮಜ್ಜಿಗೆ ಕೊಟ್ಟು, ತಾನು ನೋಡದ ಅಪ್ಪನ ಕಥೆ ಹೇಳುತ್ತಾಳೆ. ಬಸ್ಸಿನ ಕಂಡಕ್ಟರುಗಳಿಗೂ ಗೊತ್ತು ಆ ಕಥೆ.

ನಾನು ಚನ್ನಗಿರಿಯ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದು ನಿವೃತ್ತಳಾದವಳು. ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಏನೋ ನೋಡುತ್ತಿದ್ದಾಗ ಥಾಯ್ಲೆಂಡಿನ, ಅಂದರೆ ಹಿಂದಿನ ಸಯಾಮಿನ, ಹಳೆಯ ಉಗಿ ಎಂಜಿನ್ನೊಂದರ ವಿಡಿಯೋ ಬಂತು. ಭಾರತದಿಂದ ಬರ್ಮಾಕ್ಕೆ, ಬರ್ಮಾದಿಂದ ಸಯಾಮಿಗೆ ಬಂದ ಗೂಡ್ಸ್ ಎಂಜಿನ್, ಯುದ್ಧಕಾಲದ ರೈಲುದಾರಿಯಲ್ಲಿ ಓಡಿದ್ದು, ಆಮೇಲೆ ಅಕ್ಕಿ ಸಾಗಿಸಿದ್ದು, ಈಗ ಕಾಂಚನಬುರಿ ಎಂಬ ಊರಿನ ಹತ್ತಿರ ಕಾಪಾಡಿ ಇಟ್ಟಿದ್ದಾರೆ ಎಂದು ಹೇಳುತ್ತಿತ್ತು. ನಾನು ಸವಳಂಗದ ಮೇಲೆ ಬಸ್ಸು ಹಿಡಿದು ನ್ಯಾಮತಿಗೆ ಹೋಗಿ ಚಿಕ್ಕವ್ವನಿಗೆ ತೋರಿಸಿದೆ.

ಅವಳು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಸರೋಜಾ, ನನ್ನ ಅಲ್ಲಿಗೆ ಕರ್ಕೊಂಡು ಹೋಗಾಕೆ ಆಗ್ತೈತಾ?" ಎಂದಳು.

ಬ್ಯಾಂಕಾಕ್

ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಮೊದಲ ಜಗಳ. ಎಂಜಿನ್ನಿನ ಮುಂದೆ ಇಡಲು ಅಂತ ಚಿಕ್ಕವ್ವ ಒಣಕೊಬ್ಬರಿ ಬಟ್ಟಲುಗಳನ್ನು ಸೆರಗಿನ ತುಂಡಿನಲ್ಲಿ ಕಟ್ಟಿ ತಂದಿದ್ದಳು. ವಿಮಾನದಲ್ಲಿ ಕೊಬ್ಬರಿ ಒಯ್ಯುವ ಹಾಗಿಲ್ಲ, ಬೆಂಕಿ ಹೊತ್ತಿಕೊಳ್ಳುತ್ತದೆ ಎಂದು ತಪಾಸಣೆಯ ಹುಡುಗಿ ತೆಗೆದಿಟ್ಟಳು. "ಕೊಬ್ಬರಿ ಏನು ಬಾಂಬ್ ಏನವ್ವಾ? ನಿಮ್ಮನೇಲಿ ಚಟ್ನಿಪುಡಿ ಮಾಡಂಗಿಲ್ಲೇನು?" ಎಂದು ಚಿಕ್ಕವ್ವ ಕೇಳಿದಳು. ಹುಡುಗಿ ನಕ್ಕಳೇ ಹೊರತು ಬಿಡಲಿಲ್ಲ.

ಬ್ಯಾಂಕಾಕಿನ ಸ್ಟೇಷನ್ನಿನಲ್ಲಿ ಬೆಳಿಗ್ಗೆ ಬೆಂಚಿನ ಮೇಲೆ ಕುಳಿತಿದ್ದೆವು. ಇದ್ದಕ್ಕಿದ್ದಂತೆ ಧ್ವನಿವರ್ಧಕದಲ್ಲಿ ವಾದ್ಯ ಮೊಳಗಿತು. ಮೀನಿನ ಬುಟ್ಟಿಯವಳು, ಸೂಟ್‌ಕೇಸಿನವನು, ಸನ್ಯಾಸಿ, ಎಲ್ಲರೂ ಎದ್ದು ನಿಂತರು. ಗಾಡಿ ಬಂತೆಂದು ಚಿಕ್ಕವ್ವ ಚೀಲ ಎತ್ತಿಕೊಂಡು ಹಳಿಯ ಕಡೆಗೆ ಓಡಿದಳು. ನಾನು ಹಿಂದೆ ಓಡಿದೆ. ಇಡೀ ಪ್ಲಾಟ್‌ಫಾರಂ ಕಲ್ಲಿನಂತೆ ನಿಂತಿರುವಾಗ ಓಡುತ್ತಿದ್ದವರು ನಾವಿಬ್ಬರೇ. ಆಮೇಲೆ ತಿಳಿಯಿತು, ಅದು ಅವರ ರಾಷ್ಟ್ರಗೀತೆ. ದಿನವೂ ಬೆಳಿಗ್ಗೆ ಸಂಜೆ ಹಾಕುತ್ತಾರಂತೆ, ಎಲ್ಲಿದ್ದವರು ಅಲ್ಲೇ ನಿಲ್ಲುತ್ತಾರಂತೆ. ಯಾರೂ ನಮ್ಮನ್ನು ಗದರಲಿಲ್ಲ. ಮೀನಿನವಳು ಚಿಕ್ಕವ್ವನ ಚೀಲ ಇಸಿದುಕೊಂಡು ಬೆಂಚಿನ ಮೇಲೆ ಮತ್ತೆ ಇಟ್ಟಳು.

ಕಾಂಚನಬುರಿಯ ಗಾಡಿ

ಆ ಗಾಡಿಗೆ ಮರದ ಸೀಟು, ಮೇಲೆ ಗರಗರ ತಿರುಗುವ ಫ್ಯಾನು, ತೆರೆದ ಕಿಟಕಿ. ಹತ್ತುವ ಮೊದಲು ಚಿಕ್ಕವ್ವ ಹಳಿಯನ್ನು ಬಗ್ಗಿ ನೋಡಿದಳು.

"ಇದು ನಮ್ಮ ಹಳೇ ಶಿವಮೊಗ್ಗದ ಗಾಡಿ ಹಳಿ ಇದ್ದಂಗೆ ಐತಲ್ಲೇ. ಸಣ್ಣದು."

ಅವಳು ಹೇಳಿದ್ದು ಸರಿ. ನಮ್ಮಲ್ಲಿ ಕಿತ್ತು ಅಗಲ ಮಾಡಿದ ಮೀಟರ್‌ಗೇಜ್ ಹಳಿ ಅಲ್ಲಿ ಇನ್ನೂ ಇದೆ. ಹರಿಹರದ ಎಂಜಿನ್ ಅಲ್ಲಿ ಓಡಲು ಸಾಧ್ಯವಾದದ್ದೂ ಅದಕ್ಕೇ. ಎರಡೂ ಕಡೆ ಅಳತೆ ಒಂದೇ ಇರದಿದ್ದರೆ ಅಜ್ಜ ಮನೆಯಲ್ಲಿ ಉಳಿಯುತ್ತಿದ್ದನೋ ಏನೋ ಎಂದು ನನಗನ್ನಿಸಿತು. ಚಿಕ್ಕವ್ವನಿಗೆ ಹೇಳಲಿಲ್ಲ. ಅವಳು ಆಗ ಸಂತೋಷವಾಗಿದ್ದಳು. ಕಿಟಕಿಯಿಂದ ಗದ್ದೆ, ಬಾಳೆತೋಟ, ಕಬ್ಬು ನೋಡುತ್ತ, "ನಮ್ಮ ಭದ್ರಾ ಕಾಲುವೆ ಕಡೆಗೆ ಹೋದಂಗೆ ಆಗ್ತೈತೆ. ಅಪ್ಪಂಗೆ ಬ್ಯಾಸರ ಆಗಿರಾಕಿಲ್ಲ ಬಿಡು" ಎಂದಳು.

ಊಟ ಕಷ್ಟವಾಯಿತು. ಪಲ್ಯಕ್ಕೂ ಅಲ್ಲಿ ಮೀನಿನ ರಸ ಹಾಕುತ್ತಾರೆ. ಗಾಡಿಯೊಳಗೆ ಅನ್ನದ ಪೊಟ್ಟಣ ಮಾರುವ ಹೆಂಗಸಿಗೆ ನಾನು ಕೈಬಾಯಿ ತಿರುಗಿಸಿ ಹೇಳಿದಾಗ, ಅವಳು "ಜೇ, ಜೇ" ಎಂದು ತಲೆಯಾಡಿಸಿ ಬರೀ ಅನ್ನ ಮತ್ತು ಸುಟ್ಟ ಬಾಳೆಹಣ್ಣು ಕೊಟ್ಟಳು. ಮಾಂಸ ಮೀನು ಬಿಟ್ಟವರಿಗೆ ಅವರ ಭಾಷೆಯಲ್ಲಿ ಹಾಗೆನ್ನುತ್ತಾರೆ. ಚಿಕ್ಕವ್ವ ಅನ್ನದ ಮೇಲೆ ಚಟ್ನಿಪುಡಿ ಉದುರಿಸಿ ಆ ಹೆಂಗಸಿಗೂ ಒಂದು ತುತ್ತು ಕೊಟ್ಟಳು. ಖಾರಕ್ಕೆ ನಮ್ಮವರೇ ಗಟ್ಟಿ ಎಂದುಕೊಂಡಿದ್ದೆ. ಅವಳು ಇನ್ನೊಂದು ತುತ್ತು ಕೇಳಿದಳು.

ಮರುದಿನ, ಎಂಜಿನ್ನಿನ ಅಂಗಳ

ಊರ ಹೊರಗೆ, ಹಳೆಯ ಕಬ್ಬಿಣದ ಸಾಮಾನು ಕೂಡಿಟ್ಟ ಒಂದು ಅಂಗಳ. ಸುತ್ತ ಮಾವಿನ ಮರ. ನಡುವೆ ತಗಡಿನ ಚಪ್ಪರದ ಕೆಳಗೆ ಆ ಎಂಜಿನ್ ನಿಂತಿತ್ತು. ಅದನ್ನು ನೋಡಿಕೊಳ್ಳುವವರಲ್ಲಿ ಒಬ್ಬರಾದ ಪ್ರಣೀ ಎಂಬ ನಿವೃತ್ತ ಶಾಲಾ ಶಿಕ್ಷಕಿ ನಮಗಾಗಿ ಕಾಯುತ್ತಿದ್ದರು. ನಾನು ಮೊದಲೇ ಫೋನಿನಲ್ಲಿ ವಿಷಯ ತಿಳಿಸಿದ್ದೆ. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ತೂಕದ್ದು, ಹಾಗಾಗಿ ತೊಂದರೆಯಾಗಲಿಲ್ಲ.

ಎಂಜಿನ್ ಹೊಸ ಮದುಮಗನಂತಿತ್ತು. ಕಪ್ಪು ಬಣ್ಣ, ಕೆಂಪು ಗಾಲಿ, ಉಜ್ಜಿ ಹೊಳೆಯುವ ಹಿತ್ತಾಳೆ. ಮೂತಿಗೆ ಚೆಂಡುಹೂವಿನ ಹಾರ, ಬಣ್ಣಬಣ್ಣದ ಅರಿವೆ ಕಟ್ಟಿದ್ದರು. ಮುಂದೆ ಒಂದು ಸಣ್ಣ ಮಣೆಯ ಮೇಲೆ ಕೆಂಪು ಶರಬತ್ತಿನ ಬಾಟಲಿಗಳು, ಒಂದೊಂದರಲ್ಲೂ ಹೀರುಕೊಳವೆ. ಎಂಜಿನ್ನಿನೊಳಗಿನ ಆತ್ಮಕ್ಕೆ ಬಾಯಾರುತ್ತದೆ ಎಂದು ಇಡುತ್ತಾರಂತೆ. ಇಬ್ಬರು ಹೆಂಗಸರು ನಂಬರ್ ಪ್ಲೇಟಿಗೆ ಪೌಡರ್ ತಿಕ್ಕಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಅಲ್ಲಿ ಕಾಣುವ ಅಂಕಿಯ ಲಾಟರಿ ಕೊಳ್ಳುತ್ತಾರೆ ಎಂದು ಪ್ರಣೀ ನಾಚಿಕೊಂಡು ಹೇಳಿದರು.

"ನಮ್ಮ ಕಡೆ ಆಯುಧಪೂಜೇಲಿ ಟ್ರ್ಯಾಕ್ಟರಿಗೆ ಮಾಡ್ದಂಗೆ ಮಾಡ್ಯಾರೆ. ಚೆನ್ನಾಗಿ ನೋಡ್ಕೊಂಡಾರೆ" ಎಂದಳು ಚಿಕ್ಕವ್ವ.

ಮೇಲೆ ಹತ್ತಬಹುದೇ ಎಂದು ಕೇಳಿದೆ. ಪ್ರಣೀ ಚಪ್ಪಲಿ ಬಿಟ್ಟು, ಕೈಮುಗಿದು ಮೊದಲು ತಾವು ಹತ್ತಿದರು. ನಾನು ಕೆಳಗಿನಿಂದ ಆಸರೆ ಕೊಟ್ಟು, ಅವರು ಮೇಲಿನಿಂದ ಹಿಡಿದು ಚಿಕ್ಕವ್ವನನ್ನು ಹತ್ತಿಸಿದೆವು. ಡ್ರೈವರ್, ಫೈರ್‌ಮನ್ ನಿಲ್ಲುವ ಜಾಗ ಒಂದು ಬಚ್ಚಲುಮನೆಯಷ್ಟೂ ಇಲ್ಲ. ಎದುರಿಗೆ ಒಲೆಯ ಕಬ್ಬಿಣದ ಬಾಗಿಲು, ಅದಕ್ಕೊಂದು ಹಿಡಿ.

"ಅಪ್ಪ ಯಾವುದು ಹಿಡೀತಿದ್ನಂತೆ, ಕೇಳು."

ಪ್ರಣೀ ಒಲೆಯ ಬಾಗಿಲಿನ ಹಿಡಿ ತೋರಿಸಿದರು. ಚಿಕ್ಕವ್ವ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡಳು. ಹಣೆಯನ್ನು ಅದರ ಮೇಲಿಟ್ಟಳು.

"ಅಪ್ಪಾ, ನಾನು ಹಾಲಮ್ಮ. ನೀನು ಹೋಗ್ವಾಗ ಹೊಟ್ಟೆಯಾಗಿದ್ದೋಳು. ಅವ್ವ ಹೋದ್ಳು. ಅಕ್ಕನೂ ಹೋದ್ಳು. ನಾನೊಬ್ಬಳು ಬರಾಕೆ ಇಷ್ಟು ದಿನ ಹಿಡೀತು."

ನಾನು ಆಚೆ ತಿರುಗಿ ಕಣ್ಣೊರೆಸಿಕೊಂಡೆ. ಪ್ರಣೀಯವರಿಗೆ ಮಾತು ತಿಳಿಯದಿದ್ದರೂ ವಿಷಯ ತಿಳಿದಿತ್ತು. ಅವರು ನೆಲ ನೋಡುತ್ತ ನಿಂತಿದ್ದರು. ನಾನು ಸುಮ್ಮನಿದ್ದಿದ್ದರೆ ಅಂದಿನ ದಿನ ಅಲ್ಲಿಗೇ ಮುಗಿಯುತ್ತಿತ್ತೇನೋ. ನಾನು ಸಿದ್ದಪ್ಪ ಹೇಳಿದ್ದನ್ನು ನೆನೆದು, ಪಕ್ಕದ ತಗಡಿನ ಮೇಲೆ ಕೆರೆದ ಅಕ್ಷರಗಳ ಗುರುತು ಎಲ್ಲಾದರೂ ಉಳಿದಿದೆಯೇ ಎಂದು ಕೇಳಿದೆ.

ಪ್ರಣೀ ನಿಧಾನವಾಗಿ ಹೇಳಿದರು: ಈ ತಗಡು ಹೊಸದು. ಹಳೆಯದು ತುಕ್ಕು ಹಿಡಿದು ಪುಡಿಯಾಗಿತ್ತು, ನಾವೇ ಕತ್ತರಿಸಿ ಹೊಸದು ಕೂಡಿಸಿದೆವು.

ಒಲೆಯ ಬಾಗಿಲು?

ಅದು ಬೇರೆ ಎಂಜಿನ್ನಿನದು. ಬಾಯ್ಲರ್ ಸಮೇತ ಬಂದದ್ದು. ಆ ಎಂಜಿನ್ ಭಾರತದ್ದಲ್ಲ, ಯುದ್ಧ ಮುಗಿದ ಮೇಲೆ ತರಿಸಿದ್ದು. ನೀರು ಸೌದೆ ತುಂಬುವ ಹಿಂದಿನ ಗಾಡಿ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಸಿಕ್ಕಿತು. ಮೂರು ಎಂಜಿನ್ನುಗಳ ತುಂಡು ಸೇರಿಸಿ ಇದೊಂದನ್ನು ಮಾಡಿದ್ದೇವೆ. ನಂಬರ್ ಪ್ಲೇಟು ಊರಿನ ಕಮ್ಮಾರ ಎರಕ ಹೊಯ್ದದ್ದು. ಕೆಳಗಿನ ಚೌಕಟ್ಟಿನ ಒಂದು ಭಾಗ ಮಾತ್ರ ಬರ್ಮಾದಿಂದ ಬಂದ ಭಾರತದ ಎಂಜಿನ್ನಿನದು ಇರಬಹುದು ಎಂದು ಹಿರಿಯ ಮೆಕ್ಯಾನಿಕರು ಹೇಳುತ್ತಿದ್ದರು. ಅವರೂ ತೀರಿಕೊಂಡಿದ್ದಾರೆ. ವಿಡಿಯೋ ಮಾಡಿದವರು ಇಷ್ಟೆಲ್ಲ ಹೇಳಲಿಲ್ಲ.

"ನಾನು ಫೋನಿನಲ್ಲೇ ಹೇಳಬೇಕಿತ್ತು," ಎಂದರು ಪ್ರಣೀ. "ನೀವು ಎಂಜಿನ್ ನೋಡಬೇಕು ಎಂದಿರಿ. ಅದನ್ನು ಮುಟ್ಟಬೇಕು ಎಂದು ನನಗೆ ತಿಳಿಯಲಿಲ್ಲ."

"ಏನಂತಾರೆ?" ಚಿಕ್ಕವ್ವ ಹಿಡಿ ಬಿಟ್ಟಿರಲಿಲ್ಲ.

ಲ್ಯಾಬಿನಲ್ಲಿ ವರ್ಷಾನುಗಟ್ಟಲೆ ಜನರ ಕೈಗೆ ರಿಪೋರ್ಟು ಕೊಟ್ಟಿದ್ದೇನೆ. ಕೆಟ್ಟದಿದ್ದರೆ ಮುಖ ನೋಡದೆ ಕೊಡುವುದು ರೂಢಿಯಾಗಿತ್ತು. ಅಲ್ಲಿ ಮುಖ ನೋಡದೆ ಹೇಳಲು ಜಾಗವೇ ಇರಲಿಲ್ಲ. ಸುಳ್ಳು ಹೇಳಿಬಿಡೋಣ ಎಂದುಕೊಂಡೆ. ಹೌದು ಚಿಕ್ಕವ್ವ, ಇದೇ ಎಂಜಿನ್ನಂತೆ, ಎಂದರೆ ಆಯಿತು. ಆದರೆ ಅವಳು ಆ ಮಾತಿನ ಮೇಲೆ ಊರಿಗೆ ಹೋಗಿ ಎಡೆ ಇಡುತ್ತಾಳೆ, ಅದು ಯಾವುದೋ ಕಬ್ಬಿಣಕ್ಕೆ ಇಟ್ಟ ಎಡೆಯಾಗುತ್ತದೆ. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ.

ಅವಳು ಕೊನೆಯವರೆಗೂ ಕೇಳಿದಳು. ಹಿಡಿಯಿಂದ ಕೈ ತೆಗೆದು ಸೀರೆಗೆ ಒರೆಸಿಕೊಂಡಳು.

"ಹಂಗಾರೆ ಇದು ಯಾವ ಎಂಜಿನ್?"

"ಪೂರ್ತಿ ಯಾವುದೂ ಅಲ್ಲ ಚಿಕ್ಕವ್ವ."

"ನನ್ನ ಇಳಸ್ರಿ" ಎಂದಳು.

ಕೆಳಗಿಳಿದ ಮೇಲೆ ಪ್ರಣೀ ಚೌಕಟ್ಟಿನ ಆ ಭಾಗ ತೋರಿಸಿದರು. ಗಾಲಿಗಳ ನಡುವೆ, ಗ್ರೀಸು ಮೆತ್ತಿದ ಒಂದು ಕಬ್ಬಿಣದ ಪಟ್ಟಿ. ಚಿಕ್ಕವ್ವ ಬಗ್ಗಲಿಲ್ಲ. ಲಾಟರಿಯ ಹೆಂಗಸರು ಅವಳಿಗೆ ಪೌಡರಿನ ಡಬ್ಬಿ ಕೊಡಲು ಬಂದರು. ಅವಳು ಕೈಮುಗಿದು ಬೇಡವೆಂದಳು.

ಹೆಸರಿದ್ದವರ ತೋಟ

ಜಪಾನಿಗಳ ಸೆರೆಯಲ್ಲಿ ಆ ರೈಲುದಾರಿ ಹಾಕುತ್ತ ಸತ್ತ ಬಿಳಿ ಸೈನಿಕರ ಸಮಾಧಿಗಳು ಊರೊಳಗೇ ಇವೆ. ಪ್ರಣೀ ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ಕತ್ತರಿಸಿದ ಹುಲ್ಲು, ಸಾಲುಸಾಲು ಚಿಕ್ಕ ಕಲ್ಲು, ಒಂದೊಂದು ಕಲ್ಲಿನ ಬುಡದಲ್ಲೂ ಹೂಗಿಡ. ಮಾಲಿಗಳು ಬೇರುಗಳ ಸುತ್ತ ಮಣ್ಣು ಸಡಿಲಿಸುತ್ತಿದ್ದರು.

"ಏನು ಬರ್ದೈತೆ, ಓದು" ಎಂದಳು ಚಿಕ್ಕವ್ವ.

ಹೆಸರು, ವಯಸ್ಸು, ಸತ್ತ ದಿನ ಓದಿದೆ. ಇನ್ನೊಂದು ಓದಿದೆ. ಕೆಲವುಗಳ ಕೆಳಗೆ ತಾಯಿಯೋ ಹೆಂಡತಿಯೋ ಬರೆಸಿದ ಒಂದು ಸಾಲು ಇತ್ತು. ಅದನ್ನೂ ಕನ್ನಡದಲ್ಲಿ ಹೇಳಿದೆ. ಅವಳು ಒಂದು ಸಾಲಿನ ಕಲ್ಲುಗಳನ್ನೆಲ್ಲ ಓದಿಸಿದಳು. ಎಲ್ಲ ಇಪ್ಪತ್ತು, ಇಪ್ಪತ್ತೈದರ ಹುಡುಗರು.

"ಪಾಪ, ಯಾರ ಮಕ್ಕಳೋ" ಎಂದಳು ಮೊದಲು. ಸ್ವಲ್ಪ ದೂರ ಹೋಗಿ, "ಆದ್ರೆ ಇವರ ಮನೆಯೋರಿಗೆ ಗೊತ್ತಾತಲ್ಲ ಸರೋಜಾ. ಅತ್ತು ಸುಮ್ಮನಾಗಾಕೆ ಒಂದು ದಿನ ಸಿಕ್ತಲ್ಲ" ಎಂದಳು.

ಕೂಲಿಗಳ ಸಮಾಧಿಗಳು ಎಲ್ಲಿ ಎಂದು ಕೇಳಿದೆ. ಮಲಯಾದ ರಬ್ಬರ್ ತೋಟಗಳಿಂದ ಹಿಡಿದು ತಂದ ತಮಿಳರು, ಬರ್ಮಾದವರು, ಜಾವಾದವರು, ನಮ್ಮಂಥ ರೈಲಿನವರು, ಸತ್ತವರಲ್ಲಿ ಅವರೇ ಬಹಳ ಹೆಚ್ಚು ಎಂದು ಪ್ರಣೀಯೇ ಹೇಳಿದ್ದರು. ಅವರು ಗಡಿಯಾರ ನೋಡಿಕೊಳ್ಳುವ ನೆಪ ಮಾಡಿ ಮುಖ ತಗ್ಗಿಸಿದರು. "ಸಮಾಧಿಗಳಿಲ್ಲ. ಒಂದು ಗುಡಿಯ ಹಿತ್ತಲಿದೆ" ಎಂದರು.

ಗುಡಿಯ ಹಿತ್ತಲು

ಬೌದ್ಧ ಗುಡಿಯ ಹಿಂದೆ, ಪಾತ್ರೆ ತೊಳೆಯುವ ಕಟ್ಟೆ ದಾಟಿದರೆ, ಸುಣ್ಣ ಬಳಿದ ಒಂದು ಎತ್ತರದ ಗೋಪುರ. ನಮ್ಮ ಕಡೆಯ ತುಳಸಿಕಟ್ಟೆಯನ್ನು ಹತ್ತುಪಟ್ಟು ಬೆಳೆಸಿದ ಹಾಗೆ. ಕಾಡಿನಲ್ಲಿ, ಹೊಲದಲ್ಲಿ, ಮನೆ ಕಟ್ಟಲು ಪಾಯ ತೆಗೆಯುವಾಗ ಸಿಕ್ಕ ಎಲುಬುಗಳನ್ನೆಲ್ಲ ತಂದು ಅದರ ಕೆಳಗೆ ಹಾಕಿದ್ದಾರೆ. ಹೆಸರಿಲ್ಲ. ನೆರಳಿನಲ್ಲಿ ಒಂದು ನಾಯಿ ಮಲಗಿತ್ತು.

ಚಿಕ್ಕವ್ವ ಸೆರಗು ಹೊದ್ದು, ಕೈಜೋಡಿಸಿ, ಮಂಡಿಯೂರಲು ಹೋಗಿ ಅರ್ಧಕ್ಕೇ ನಿಂತಳು.

"ಕಾಲು ಯಾವ ಕಡೆ ಐತೆ?"

ನನಗೆ ಅರ್ಥವಾಗಲಿಲ್ಲ.

"ತಲೆ ಕಡೆ ನಿಂತು ಅಡ್ಡಬೀಳಬಾರ್ದು ಕಣೇ. ಕಾಲು ಯಾವ ಕಡೆ ಮಾಡಿ ಮಲಗ್ಸ್ಯಾರೆ, ಕೇಳು."

ಹಿತ್ತಲು ಗುಡಿಸುತ್ತಿದ್ದ ಒಬ್ಬ ಮುದುಕ ಅಲ್ಲಿದ್ದ. ನಾನು ಪ್ರಣೀಯವರಿಗೆ ಹೇಳಿದೆ, ಪ್ರಣೀ ಅವನನ್ನು ಕೇಳಿದರು. ಅವನು ಪೊರಕೆ ಹಿಡಿದೇ ಗೋಪುರದ ಸುತ್ತ ಕೈ ತಿರುಗಿಸಿ ಏನೋ ಹೇಳಿದ. ಎಲುಬು ಎಲ್ಲ ಬೆರೆತುಹೋಗಿತ್ತು, ಚೀಲದಲ್ಲಿ ತಂದು ಸುರಿದರು, ಇಂಥ ದಿಕ್ಕು ಅಂತ ಇಲ್ಲ, ಎಂದು ಪ್ರಣೀ ನನಗೆ ಹೇಳಿದರು. ಚೀಲದ ಮಾತು ಬಿಟ್ಟು, ಉಳಿದದ್ದನ್ನು ನಾನು ಚಿಕ್ಕವ್ವನಿಗೆ ಹೇಳಿದೆ.

"ದಿಕ್ಕು ಅಂತ ಇಲ್ಲವಂತೆ ಚಿಕ್ಕವ್ವ."

"ದಿಕ್ಕಿಲ್ಲ" ಎಂದಳು ಅವಳು. ಇನ್ನೊಮ್ಮೆ, ತನಗೇ ಹೇಳಿಕೊಂಡ ಹಾಗೆ, "ದಿಕ್ಕಿಲ್ದೋರು."

ಗೋಪುರದ ಸುತ್ತ ಒಂದು ಸುತ್ತು ನಿಧಾನವಾಗಿ ಬಂದಳು. ಒಂದೊಂದು ಮೂಲೆಯಲ್ಲೂ ನಿಂತು ನೋಡಿದಳು. ಎಲ್ಲಿಯೂ ಅಡ್ಡಬೀಳಲಿಲ್ಲ. ಪ್ರಣೀ ತಂದುಕೊಟ್ಟ ಊದುಬತ್ತಿಯನ್ನು ಹಚ್ಚದೆ ಕೈಯಲ್ಲೇ ಹಿಡಿದುಕೊಂಡಳು. ಕಾರಿಗೆ ಹತ್ತುವಾಗ ಅದನ್ನು ಅವರಿಗೇ ವಾಪಸು ಕೊಟ್ಟಳು.

"ಅಜ್ಜ ಇಲ್ಲೇ ಇರಬಹುದಲ್ಲ ಚಿಕ್ಕವ್ವ" ಎಂದೆ. ನನಗೇ ಆ ಮಾತು ಟೊಳ್ಳಾಗಿ ಕೇಳಿಸಿತು.

"ಇರಬೌದು. ಇಲ್ಲದೇನೂ ಇರಬೌದು. ಕಾಡಿನಾಗೆ ಯಾರದೋ ಬಾಳೆತೋಟದ ಕೆಳಗೆ ಇರಬೌದು. ನಿನ್ನೆ ಗಾಡೀಲಿ ಕುಂತು ಎಷ್ಟು ಚೆನ್ನಾಗೈತೆ ಅಂತಿದ್ನಲ್ಲ ನಾನು."

ಮರುದಿನ ಪ್ರಣೀ ನಮ್ಮನ್ನು ಹೊಳೆಯ ಸೇತುವೆಗೆ ಕರೆದುಕೊಂಡು ಹೋಗಬೇಕೆಂದಿದ್ದರು. ಗಾಡಿ ಸೇತುವೆಯ ಮೇಲೆ ಬರುವಾಗ ಪ್ರವಾಸಿಗಳು ಕೈಬೀಸಿ ಫೋಟೋ ತೆಗೆದುಕೊಳ್ಳುತ್ತಾರಂತೆ. ಸಿದ್ದಪ್ಪ ಹೇಳಿದ ಹೊಳೆಯ ದಂಡೆ ಅದೇ ಇರಬಹುದು. ಚಿಕ್ಕವ್ವ ಒಲ್ಲೆ ಎಂದಳು. ಹೋಟೆಲಿನ ಕೋಣೆಯ ಕಿಟಕಿ ಮುಚ್ಚಿಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾನೂ ಹೋಗಲಿಲ್ಲ. ಬಾಗಿಲಲ್ಲಿ ನಿಂತ ಪ್ರಣೀ ಮುಗಿದ ಕೈಗಳನ್ನು ಹಣೆಗೆ ತಾಗಿಸಿ, ಮಲಗಿದ್ದ ಚಿಕ್ಕವ್ವನ ಬೆನ್ನಿಗೆ ನಮಸ್ಕರಿಸಿ ಹೋದರು.

ನ್ಯಾಮತಿ

ಈ ವರ್ಷದ ಹಿರಿಯರ ಹಬ್ಬಕ್ಕೆ ನಾನು ಚನ್ನಗಿರಿಯಿಂದ ನ್ಯಾಮತಿಗೆ ಹೋಗಿದ್ದೆ. ಹೋಳಿಗೆ, ಕಡುಬು, ಹೊಸ ಬಟ್ಟೆ ಎಲ್ಲ ಜೋಡಿಸಿದ್ದರು. ಚಿಕ್ಕವ್ವನ ಮಗ, "ಅವ್ವಾ, ಈ ಸಲ ಅಜ್ಜಂಗೂ ಒಂದು ಎಡೆ ಇಡಾನಾ? ನೂರು ದಾಟಿ ಎಷ್ಟೋ ವರ್ಷ ಆತು. ಬದುಕಿರಾಕೆ ಸಾಧ್ಯ ಇಲ್ಲ" ಎಂದ.

"ಬ್ಯಾಡ" ಎಂದಳು. ಯಾಕೆ ಎಂದು ಅವನು ಕೇಳಿದ. ಅವಳು ಒಳಗೆ ಹೋದಳು.

ಮಧ್ಯಾಹ್ನ ಊಟವಾದ ಮೇಲೆ ಜಗಲಿಯ ಮೇಲೆ ಕುಳಿತಿದ್ದೆವು. ಕೆರೆಬಿಳಚಿಯಿಂದ ಸೊಸೆಯ ಕಡೆಯವಳೊಬ್ಬಳು ಬಂದಿದ್ದಳು. ಚಿಕ್ಕವ್ವ ಅವಳಿಗೆ ಮಜ್ಜಿಗೆ ಕೊಟ್ಟು ಪಕ್ಕದಲ್ಲೇ ಕುಳಿತಳು. ಕಥೆ ಶುರುವಾಗುತ್ತದೆ ಎಂದು ಮನೆಯವರೆಲ್ಲ ಕಾದರು. ಶುರುವಾಗಲಿಲ್ಲ. ಊರಿಗೆ ಬಂದಾಗಿನಿಂದ ಒಮ್ಮೆಯೂ ಹೇಳಿಲ್ಲ ಎಂದು ಸೊಸೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ಬಂದವಳಿಗೆ ಅದು ತಿಳಿಯದು. "ನಿಮ್ಮ ಅಪ್ಪಾರನ್ನ ಹುಡುಕ್ಕೊಂಡು ಪರದೇಶಕ್ಕೆ ಹೋಗಿದ್ರಂತಲ್ಲ ಅಜ್ಜೀ, ಏನಾದ್ರೂ ಸಿಕ್ತಾ?" ಎಂದು ಕೇಳಿದಳು.

ಚಿಕ್ಕವ್ವ ಅವಳ ಕೈಯಿಂದ ಖಾಲಿ ಲೋಟ ತೆಗೆದುಕೊಂಡಳು.

"ನಂಗೆ ಅಪ್ಪ ಇರ್ಲಿಲ್ಲ ಕಣವ್ವಾ" ಎಂದಳು.